ದಂಡ ತೆತ್ತರೆ ತಪ್ಪು ತೀರಿತೇ?

(ತೋಟ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)



ನಮ್ಮ ಲೈನುಗಳ ಹುಡುಗರು ಫುಟ್‌ಬಾಲ್ ಎಂದರೆ ಊಟ ಮರೆಯುತ್ತಾರೆ. ಆದ್ದರಿಂದ ಆಟದಿಂದಲೇ ಒಂದು ನೀತಿಯ ಪ್ರಶ್ನೆ ಎತ್ತುತ್ತೇನೆ.

2010ರ ಜುಲೈ 2ರಂದು ಜೋಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್. ಘಾನಾ, ಉರುಗ್ವೆ ತಲಾ ಒಂದು ಗೋಲು. ಹೆಚ್ಚುವರಿ ಆಟದ ಕೊನೆಯ ಗಳಿಗೆಯಲ್ಲಿ ಘಾನಾದವರು ತಲೆಯಿಂದ ಹೊಡೆದ ಚೆಂಡು ಗೋಲಿನೊಳಕ್ಕೆ ಹೋಗುತ್ತಿತ್ತು. ಗೆರೆಯ ಮೇಲಿದ್ದ ಲೂಯಿಸ್ ಸುವಾರೆಜ್ ಅದನ್ನು ಕೈಯಿಂದ ತಡೆದರು. ಅವರು ಗೋಲ್‌ಕೀಪರ್ ಅಲ್ಲ. ರೆಫರಿ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದರು. ಘಾನಾಕ್ಕೆ ಪೆನಾಲ್ಟಿ ಸಿಕ್ಕಿತು. ಅಸಮೋವಾ ಗ್ಯಾನ್ ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿಯಿತು. ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ಉರುಗ್ವೆ 4-2ರಿಂದ ಗೆದ್ದಿತು. ಅಂದು ಗೆದ್ದಿದ್ದರೆ ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕಾ ದೇಶ ಘಾನಾ ಆಗುತ್ತಿತ್ತು.

ಇದು ತಪ್ಪೋ, ಜಾಣತನವೋ? ಇಂಗ್ಲೆಂಡಿನ ಬೆಂಥಾಮರು ಫಲವನ್ನು ತೂಗಿ ನೋಡಿ ಎಂದವರು. ಉರುಗ್ವೆಗೆ ಸಂತೋಷವಾಯಿತು, ನಿಜ; ಆದರೆ ಘಾನಾದ ಕಣ್ಣೀರನ್ನೂ, ಇದನ್ನು ನೋಡಿ ಕಲಿಯುವ ಮಕ್ಕಳನ್ನೂ ಅದೇ ತಕ್ಕಡಿಗೆ ಹಾಕಬೇಕು. ಜರ್ಮನಿಯ ಕಾಂಟರ ಪ್ರಶ್ನೆ ಬೇರೆ: ನೀನು ಮಾಡಿದ್ದನ್ನು ಎಲ್ಲರೂ ಮಾಡಲೆಂದು ಒಪ್ಪುವೆಯಾ? ಎಲ್ಲರೂ ಕೈ ಹಾಕಿದರೆ ಆಟವೇ ಉಳಿಯದು. ಗ್ರೀಸಿನ ಅರಿಸ್ಟಾಟಲರ ದಾರಿ ಹಿಡಿದರೆ, ಈ ಕೆಲಸ ನಿನ್ನನ್ನು ಎಂಥ ಮನುಷ್ಯನನ್ನಾಗಿ ಮಾಡುತ್ತದೆ ಎಂದು ಕೇಳಬೇಕು.

"ಶಿಕ್ಷೆ ಅನುಭವಿಸಿದರಲ್ಲ, ಲೆಕ್ಕ ಚುಕ್ತಾ" ಎನ್ನುವವರೂ ಇದ್ದಾರೆ. ಇಲ್ಲಿ ಎಚ್ಚರ ಬೇಕು. ದಂಡವು ತಪ್ಪಿನ ಬೆಲೆಯಲ್ಲ. ತಪ್ಪಿಗೆ ಹಾಕಿದ ಬೇಲಿ. ಸೋರುವ ಲೈನಿನ ಮಾಡನ್ನು ರಿಪೇರಿ ಮಾಡಿಸುವುದಕ್ಕಿಂತ ದಂಡ ಕಟ್ಟುವುದು ಅಗ್ಗವೆಂದು ಲೆಕ್ಕ ಹಾಕುವ ಮಾಲೀಕನ ವಾದವೂ ಇದೇ. ಸುವಾರೆಜ್‌ಗೆ ಯೋಚಿಸಲು ಒಂದು ಕ್ಷಣವಿತ್ತು. ಮಾಲೀಕನಿಗೆ ವರ್ಷವಿಡೀ ಸಮಯವಿದೆ. ತೂಕ ಹೆಚ್ಚಲೆಂದು ಎಲೆಯ ಚೀಲದಲ್ಲಿ ಕಲ್ಲು ಇಡುವ ನಮ್ಮವನ ವಾದವೂ ಬೇರೆಯಲ್ಲ: ಸಿಕ್ಕಿಬಿದ್ದರೆ ಕೂಲಿ ಕಡಿತ, ಇಲ್ಲವಾದರೆ ಲಾಭ.

ಹಾಗಾದರೆ ನಿಯಮವನ್ನು ಮುರಿಯಲೇಬಾರದೇ? 1930ರಲ್ಲಿ ಗಾಂಧೀಜಿ ದಂಡಿಯಲ್ಲಿ ಉಪ್ಪಿನ ಕಾನೂನನ್ನು ಹಗಲಿನಲ್ಲೇ ಮುರಿದರು, ಸೆರೆಮನೆಗೂ ಹೋದರು. ಅನ್ಯಾಯದ ಆ ಕಾನೂನು ಎಲ್ಲರ ಮೇಲಿನಿಂದಲೂ ಹೋಗಲಿ ಎಂಬುದು ಅವರ ಬೇಡಿಕೆ. ಮೋಸದ ಆಟಗಾರನಿಗೆ ನಿಯಮ ಬೇಕು, ಆದರೆ ಎದುರಾಳಿಗೆ ಮಾತ್ರ. ಇದೇ ವ್ಯತ್ಯಾಸ.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ 2ನೇ ಅಧ್ಯಾಯದಲ್ಲಿ ಆಟಗಾರನ ಹೋಲಿಕೆ ಕೊಟ್ಟಿದ್ದಾರೆ. ನಿಯಮದಂತೆ ಆಡದವನಿಗೆ ಜಯಮಾಲೆಯಿಲ್ಲವೆಂಬುದು ಅದರ ಸಾರ. ಮಾಲೀಕನಿಂದ ನ್ಯಾಯದ ತೂಕ ಕೇಳುವ ನಾವು ನಮ್ಮ ಚೀಲವನ್ನೂ ಶುದ್ಧವಾಗಿ ಇಟ್ಟುಕೊಳ್ಳೋಣ. ಆಗ ನಮ್ಮ ಬೇಡಿಕೆಯ ಎದುರು ಯಾರೂ ಬೆರಳು ಎತ್ತಲಾರರು. ಪ್ರಭು ನಮಗೆ ಆ ಬಲ ಕೊಡಲಿ.