ವಾಲಿಕಾರನ ಕೋಲು, ಪೊಲೀಸರ ಲಾಠಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ನನಗೆ ಪತ್ರ ಬರೆದು, "ಪೊಲೀಸ್ ಇಲಾಖೆಯಲ್ಲಿ ನಿಮ್ಮ ಅನುಭವದ ಬಗ್ಗೆ ಅರ್ಧ ತಾಸು ಮಾತಾಡಿ" ಎಂದು ಕೇಳಿದ್ದರು. ಕಳ್ಳರನ್ನು ಹಿಡಿದ ಕಥೆ ಹೇಳಿದರೆ ಮಕ್ಕಳಿಗೆ ಖುಷಿಯಾಗುತ್ತದೆ, ನನಗೂ ಸುಲಭ. ಆದರೆ ಹುಟ್ಟಿದ ಊರಿನಲ್ಲಿ ನಿಂತು ಮಾತಾಡುವಾಗ ಬಹಳ ದಿನದಿಂದ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಶ್ನೆಯನ್ನು ಮುಚ್ಚಿಟ್ಟುಕೊಂಡು ಹೋಗುವುದು ಸರಿಯಲ್ಲ ಅನ್ನಿಸಿತು. ಆ ಪ್ರಶ್ನೆ ನನ್ನದಲ್ಲ, ನಮ್ಮ ಅವ್ವನದು.

2008ರ ಜೂನ್ 10. ನಿಮಗೆಲ್ಲ ನೆನಪಿದೆ. ಬಿತ್ತಿಗೆಯ ಹೊತ್ತು, ಗೊಬ್ಬರ ಸಿಗುತ್ತಿಲ್ಲ, ಹಾವೇರಿಯಲ್ಲಿ ರೈತರು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಜೀವ ಹೋಯಿತು. ನಾನು ಆಗ ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದೆ. ಸಂಜೆ ಅವ್ವ ಫೋನ್ ಮಾಡಿಸಿದಳು. ಊಟ ಆಯಿತೇ ಎಂದು ಕೇಳಲಿಲ್ಲ. "ನಿಮ್ಮ ಮಂದಿ ನಮ್ಮ ಮಂದಿಗೆ ಗುಂಡ ಹಾಕ್ಯಾರಂತಲ್ಲೋ ತಮ್ಮಾ" ಅಂದಳು.

"ನಿಮ್ಮ ಮಂದಿ, ನಮ್ಮ ಮಂದಿ." ಹೊಲದಲ್ಲಿ ದುಡಿದು ನನ್ನನ್ನು ಇದೇ ಶಾಲೆಗೆ ಕಳಿಸಿದ ಹೆಣ್ಣುಮಗಳು, ಒಂದು ಮಾತಿನಲ್ಲಿ ನನ್ನನ್ನು ಆಚೆ ದಂಡೆಗೆ ನಿಲ್ಲಿಸಿಬಿಟ್ಟಳು. ಉತ್ತರ ಕೊಡಲು ಆಗಲಿಲ್ಲ. ಈ ದಂಡೆಗಳು ಯಾವಾಗ ಬೇರೆಯಾದವು ಎಂದು ಅಂದಿನಿಂದ ಓದುತ್ತ ಬಂದೆ. ನಿವೃತ್ತಿಯಾದ ಮೇಲೆ ಇನ್ನೂ ಹೆಚ್ಚು ಓದಿದೆ. ತಿಳಿದಷ್ಟನ್ನು ಹೇಳುತ್ತೇನೆ.

ಮೊದಲು ನಮ್ಮ ಮನೆಯ ಮಾತು. ನಮ್ಮ ಮುತ್ತಜ್ಜ ವಾಲಿಕಾರಕಿ ಮಾಡುತ್ತಿದ್ದ. ಹಿರಿಯರಿಗೆ ಗೊತ್ತು, ಊರೆಂದರೆ ಗೌಡ, ಕುಲಕರ್ಣಿ, ತಳವಾರ, ವಾಲಿಕಾರ, ಶೇತಸನದಿ. ಇವರಿಗೆ ತಿಂಗಳ ಪಗಾರ ಇರಲಿಲ್ಲ. ಊರಲ್ಲಿ ವತನದ ಹೊಲ ಇತ್ತು, ಸುಗ್ಗಿಯಲ್ಲಿ ಕಣದಲ್ಲಿ ಆಯ ಇತ್ತು. 1818ರಲ್ಲಿ ಪೇಶವೆ ರಾಜ್ಯ ಬಿದ್ದು ನಮ್ಮ ಸೀಮೆ ಇಂಗ್ಲಿಷರ ಕೈಗೆ ಬಂತು. ಮರುವರ್ಷವೇ ಎಲ್ಫಿನ್‌ಸ್ಟನ್ ಎಂಬ ಅಧಿಕಾರಿ ಪೇಶವೆಯಿಂದ ಬಂದ ಸೀಮೆಗಳ ಬಗ್ಗೆ ದೊಡ್ಡ ವರದಿ ಬರೆದ. ಊರಿನ ಕಾವಲಿನ ಜವಾಬ್ದಾರಿ ಪಾಟೀಲನದು, ಅವನ ಕೈಕೆಳಗೆ ಊರ ಕಾವಲುಗಾರ ಎಂಬುದನ್ನು ಅದರಲ್ಲಿ ದಾಖಲಿಸಿದ. ಕಳುವಾದರೆ ಕಾವಲುಗಾರ ಹೆಜ್ಜೆಯ ಜಾಡು ಹಿಡಿದು ಹೋಗಬೇಕು. ಜಾಡು ಮುಂದಿನ ಊರ ಸೀಮೆ ದಾಟಿತೆಂದು ತೋರಿಸಿದರೆ ಹೊಣೆ ಆ ಊರಿಗೆ ಹೋಗುತ್ತದೆ. ತೋರಿಸಲಾಗದಿದ್ದರೆ ಕಳುವಿನ ಹಾನಿ ಊರೇ ತುಂಬಬೇಕು. ಆದ್ದರಿಂದ ಯಾರ ಮನೆಗೆ ಯಾರು ಬಂದರು, ಯಾವ ಎತ್ತು ಯಾರದು ಎಂಬುದೆಲ್ಲ ಅವನಿಗೆ ಬಾಯಿಪಾಠ.

ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಗೌಡನ ದಬ್ಬಾಳಿಕೆ ಇತ್ತು, ಜಾತಿಯ ಕಟ್ಟು ಇತ್ತು, ಬಿಟ್ಟಿ ಚಾಕರಿ ಇತ್ತು. ವಾಲಿಕಾರನ ಹೆಂಡತಿಯೂ ಚಾವಡಿ ಸಾರಿಸಬೇಕಿತ್ತು. ಆದರೆ ಒಂದು ಮಾತು ಖರೆ. ಕೋಲು ಹಿಡಿದವನು ಆ ಊರಿನಲ್ಲೇ ಹುಟ್ಟಿ ಆ ಊರಿನಲ್ಲೇ ಸಾಯುವವನಾಗಿದ್ದ. ಯಾರಿಗೆ ಕೋಲು ಎತ್ತಿದರೂ ನಾಳೆ ಅವರದೇ ಬಾವಿಯಲ್ಲಿ ನೀರು ಸೇದಬೇಕು.

ಮಕ್ಕಳೆ, ಸಂಗೊಳ್ಳಿ ರಾಯಣ್ಣನ ಚಿತ್ರ ನಿಮ್ಮ ಶಾಲೆಯ ಗೋಡೆಯ ಮೇಲಿದೆ. ಕೈಯಲ್ಲಿ ಕತ್ತಿ ಇರುವ ವೀರ ಎಂದು ನಿಮಗೆ ಗೊತ್ತು. ಅವನು ಕಿತ್ತೂರು ಸಂಸ್ಥಾನದ ಶೇತಸನದಿ ಎಂಬುದನ್ನು ಗಮನಿಸಿದ್ದೀರಾ? ಶೇತ ಎಂದರೆ ಹೊಲ, ಸನದು ಎಂದರೆ ರಾಜಪತ್ರ. ಹೊಲವನ್ನು ಸನದಿನ ಮೇಲೆ ಪಡೆದು, ಅದಕ್ಕೆ ಬದಲಾಗಿ ಊರನ್ನೂ ಸಂಸ್ಥಾನವನ್ನೂ ಕಾಯುವವನು. ಇಂದಿನ ಲೆಕ್ಕದಲ್ಲಿ ಅರ್ಧ ರೈತ, ಅರ್ಧ ಪೊಲೀಸ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾದಳು. ಆಮೇಲೆ ನಡೆದದ್ದು ಕಾಗದದ ಮೇಲಿನ ಯುದ್ಧ. ಇನಾಮು ಹೊಲಗಳ ವಿಚಾರಣೆ, ಹೊಸ ಕಂದಾಯ. ರಾಯಣ್ಣನ ಹೊಲವನ್ನು ಜಪ್ತಿ ಮಾಡಿ, ಉಳಿದದ್ದಕ್ಕೆ ಭಾರಿ ತೆರಿಗೆ ಹಾಕಿದರು. ಕಾವಲುಗಾರನ ಹೊಲ ಹೋದರೆ ಕಾವಲು ಯಾವುದರ ಋಣಕ್ಕೆ?

1829–30ರಲ್ಲಿ ಅವನು ಎದ್ದ. ಬೀಡಿ, ನಂದಗಡ, ಖಾನಾಪುರ, ಸಂಪಗಾಂವ ಈ ಹೆಸರುಗಳನ್ನು ಪಾಠದಲ್ಲಿ ಓದಿದ್ದೀರಿ. ಅವನು ಎಲ್ಲಿಗೆ ಹೋದ ನೋಡಿ. ಬೀಡಿಯಲ್ಲಿ ಸುಟ್ಟದ್ದು ಸರಕಾರಿ ಕಚೇರಿಯನ್ನು. ಖಜಾನೆ, ಕಾಗದಪತ್ರ, ಲೇಣಿದೇಣಿಯ ಬರಹ ಇವು ಅವನ ಗುರಿ. ಹೊಲ ಹೋದದ್ದು ಕಾಗದದಿಂದ ಎಂದು ಅವನಿಗೆ ಗೊತ್ತಿತ್ತು. ಸೈನ್ಯದಿಂದ ಅವನನ್ನು ಹಿಡಿಯಲು ಆಗಲಿಲ್ಲ, ಏಕೆಂದರೆ ಊರೂರಲ್ಲಿ ಅವನಿಗೆ ರೊಟ್ಟಿ ಸಿಗುತ್ತಿತ್ತು. ಕೊನೆಗೆ 1830ರ ಏಪ್ರಿಲಿನಲ್ಲಿ, ಹಳ್ಳದಲ್ಲಿ ಸ್ನಾನಕ್ಕಿಳಿದಾಗ, ನಂಬಿದವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು.

ಅದೇ 1830ರಲ್ಲಿ ನಮ್ಮ ದಕ್ಷಿಣಕ್ಕೆ, ಹಿರೇಕೆರೂರಿನ ಆಚೆಯ ನಗರ ಸೀಮೆಯಲ್ಲಿ, ರೈತರು ಕೂಟ ಸೇರಿ ಮೈಸೂರು ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದರು. ಇಷ್ಟು ವಸೂಲಿ ಮಾಡಿಕೊಡುತ್ತೇನೆ ಎಂದು ಅಮಲ್ದಾರ ಷರತ್ತು ಬರೆದುಕೊಡುವ ಪದ್ಧತಿಯಿಂದ ಅವರು ಬೇಸತ್ತಿದ್ದರು. ಆ ಗದ್ದಲವನ್ನೇ ಕಾರಣ ಮಾಡಿ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನೇ ತೆಗೆದುಕೊಂಡರು.

ಈಗ ಸಮುದ್ರದ ಆಚೆಯ ಒಂದು ದೇಶಕ್ಕೆ ಹೋಗೋಣ. ಐರ್ಲೆಂಡ್. ಅದೂ ಇಂಗ್ಲಿಷರ ಆಳ್ವಿಕೆಯಲ್ಲಿತ್ತು, ಅದೂ ರೈತರ ನಾಡು. ಅಲ್ಲಿನ ರೈತರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಆದರೆ ಅವರು ತಮ್ಮದಲ್ಲದ ಪ್ರೊಟೆಸ್ಟಂಟ್ ಚರ್ಚಿಗೆ ದಶಮಾಂಶ ತೆರಿಗೆ ಕೊಡಬೇಕಿತ್ತು. ಮೇಲೆ ಜಮೀನುದಾರರ ಗೇಣಿ. ರಾತ್ರಿ ಗುಂಪು ಕಟ್ಟಿ ದನ ಕೆಡಿಸುವುದು, ಬಣವೆ ಸುಡುವುದು, ಬೆದರಿಕೆ ಪತ್ರ ಅಂಟಿಸುವುದು ನಡೆಯಿತು. ಪತ್ರಗಳಿಗೆ "ಕ್ಯಾಪ್ಟನ್ ರಾಕ್" ಎಂಬ ಇಲ್ಲದ ಮನುಷ್ಯನ ಸಹಿ ಇರುತ್ತಿತ್ತು. ಇದನ್ನು ಅಡಗಿಸಲು ರಾಬರ್ಟ್ ಪೀಲ್ ಎಂಬವನು 1814ರಲ್ಲಿ ಒಂದು ಪಡೆ ಕಟ್ಟಿದ. 1822ರಲ್ಲಿ ಪ್ರತಿ ಕೌಂಟಿಗೂ ಪೊಲೀಸರು ಬಂದರು. 1836ರಲ್ಲಿ ಎಲ್ಲ ಸೇರಿ ಒಂದೇ ಇಲಾಖೆಯಾಯಿತು.

ಆ ಪೊಲೀಸರ ಕೈಯಲ್ಲಿ ಬಂದೂಕು ಇತ್ತು. ಅವರು ಠಾಣೆಯ ಬ್ಯಾರಕ್ಕಿನಲ್ಲೇ ಇರುತ್ತಿದ್ದರು. ತನ್ನ ಹುಟ್ಟಿದ ಸೀಮೆಯಲ್ಲಿ ಯಾರಿಗೂ ನೌಕರಿ ಇಲ್ಲ. ಆದರೆ ಸೇರಿದವರಲ್ಲಿ ಬಹಳಷ್ಟು ಜನ ಸಣ್ಣ ರೈತರ ಮಕ್ಕಳೇ. 1831ರ ಡಿಸೆಂಬರಿನಲ್ಲಿ ಕ್ಯಾರಿಕ್‌ಶಾಕ್ ಎಂಬ ಕಡೆ ತೆರಿಗೆಯ ನೋಟೀಸು ಹಂಚುವವನ ಬೆಂಗಾವಲಿಗೆ ಪೊಲೀಸರು ಹೋದರು. ಇಕ್ಕಟ್ಟಾದ ದಾರಿಯಲ್ಲಿ ಜನ ಮುತ್ತಿದರು. ನೋಟೀಸಿನವನೂ, ಹತ್ತಕ್ಕೂ ಹೆಚ್ಚು ಪೊಲೀಸರೂ ಸತ್ತರು, ರೈತರೂ ಸತ್ತರು. ಆ ತೆರಿಗೆಯನ್ನು ರೈತನ ಕೈಯಿಂದ ನೇರವಾಗಿ ಕೀಳುವುದನ್ನು ನಿಲ್ಲಿಸಿದ ಕಾಯಿದೆ ಬಂದದ್ದು 1838ರಲ್ಲಿ. ಏಳು ವರ್ಷ ಮೊದಲೇ ಬಂದಿದ್ದರೆ ಎಷ್ಟು ತಾಯಂದಿರ ಮಕ್ಕಳು ಉಳಿಯುತ್ತಿದ್ದರು!

ಇದನ್ನೇಕೆ ಹತ್ತಿಮತ್ತೂರಿನಲ್ಲಿ ಹೇಳಬೇಕು ಎಂದು ಕೇಳುತ್ತೀರಿ. 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್, ಐರ್ಲೆಂಡಿನ ಆ ಇಲಾಖೆಯ ಮಾದರಿಯಲ್ಲೇ ಅಲ್ಲಿ ಪೊಲೀಸ್ ಪಡೆ ಕಟ್ಟಿದ. ಅದನ್ನು ನೋಡಿ ಮುಂಬೈ ಸರಕಾರ 1853ರ ಸುಮಾರಿಗೆ ತನ್ನ ಜಿಲ್ಲೆಗಳಲ್ಲಿ ಸುಪರಿಂಟೆಂಡೆಂಟರನ್ನು ನೇಮಿಸಿತು. ನಮ್ಮ ಧಾರವಾಡ ಜಿಲ್ಲೆ ಅದರೊಳಗೇ ಇತ್ತು. ಮುಂದೆ 1861ರಲ್ಲಿ ಭಾರತದ ಪೊಲೀಸ್ ಕಾಯಿದೆ ಬಂತು. ನಾನು ಸೇವೆಗೆ ಸೇರಿದ ದಿನ ಕಲಿತ ಕವಾಯತು, ಬ್ಯಾರಕ್ಕಿನ ಬದುಕು, ಊರಿಂದ ದೂರದ ವರ್ಗಾವಣೆ, ಇವಕ್ಕೆಲ್ಲ ಆ ದೂರದ ಐರ್ಲೆಂಡಿನಲ್ಲಿ ಬೇರುಗಳಿವೆ ಎಂದು ಯಾವ ಉಸ್ತಾದನೂ ಹೇಳಿರಲಿಲ್ಲ.

ಊರಿನ ಕೋಲು ಒಮ್ಮೆಲೇ ಹೋಗಲಿಲ್ಲ. ಪೊಲೀಸ್ ಪಾಟೀಲನೂ ವಾಲಿಕಾರನೂ ಉಳಿದರು, ಆದರೆ ಮೇಲಿನ ಸರಕಾರದ ಕೈಕಾಲಾಗಿ. ವತನಗಳು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ. ಒಳ್ಳೆಯದೇ ಆಯಿತು. ಅಜ್ಜನ ಕೋಲು ಮೊಮ್ಮಗನ ಕೊರಳಿಗೆ ಗಂಟು ಬೀಳುವುದು ತಪ್ಪಿತು, ನನ್ನಂಥವರು ಶಾಲೆಗೆ ಬರುವಂತಾಯಿತು.

ನಮ್ಮ ಹತ್ತಿರದ ಹೊಸರಿತ್ತಿಯನ್ನು ಮರೆಯಬಾರದು. 1943ರ ಏಪ್ರಿಲ್ 1ರಂದು ವೀರಭದ್ರ ದೇವರ ಗುಡಿಯಲ್ಲಿಟ್ಟಿದ್ದ ಕಂದಾಯದ ಹಣದ ಮೇಲೆ ದಾಳಿ ಮಾಡಿದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕಾವಲಿನ ಪೊಲೀಸರ ಗುಂಡಿಗೆ ಬಲಿಯಾದರು. ಅದು ಪರದೇಶದವರ ಸರಕಾರ ಎನ್ನೋಣ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭೆಯ ನೀರಿನ ಕರದ ಗದ್ದಲದಲ್ಲಿ ರೈತರೂ ಸತ್ತರು, ಪೊಲೀಸರೂ ಸತ್ತರು. ಆಗ ಸರಕಾರ ನಮ್ಮದೇ. 2008ರಲ್ಲಿಯೂ ನಮ್ಮದೇ.

ಇಷ್ಟೆಲ್ಲ ಓದಿ ನಾನು ಕಂಡುಕೊಂಡದ್ದು ಒಂದೇ ಮಾತು. ಪೊಲೀಸ್ ಬಂದ ದಿನ ಜಗಳ ಶುರುವಾಗುವುದಿಲ್ಲ. ಬಹಳ ದಿನ ಮೊದಲೇ, ಯಾವುದೋ ಕಚೇರಿಯ ಮೇಜಿನ ಮೇಲೆ ಅದು ಶುರುವಾಗಿರುತ್ತದೆ. ರಾಯಣ್ಣನಿಗೆ ಜಪ್ತಿಯ ಕಾಗದ, ನಗರದವರಿಗೆ ಅಮಲ್ದಾರನ ಷರತ್ತು, ಐರ್ಲೆಂಡಿನವರಿಗೆ ತೆರಿಗೆಯ ನೋಟೀಸು, ನಮಗೆ ಗೊಬ್ಬರದ ಪಾಳಿ. ಕೇಳಬೇಕಾದವರು ಕೇಳದೆ ಇದ್ದಾಗ ಕೊನೆಗೆ ಎದುರುಬದುರು ನಿಲ್ಲುವವರು ಇಬ್ಬರು ರೈತರ ಮಕ್ಕಳು. ಒಬ್ಬನ ಕೈಯಲ್ಲಿ ಕಲ್ಲು, ಒಬ್ಬನ ಕೈಯಲ್ಲಿ ಬಂದೂಕು. ಇದನ್ನು ಹೇಳಿ ಬಂದೂಕಿನವನ ತಪ್ಪನ್ನು ನಾನು ಮುಚ್ಚುತ್ತಿಲ್ಲ. ಕಲ್ಲು ತೂರಿದವನು ಮನೆಗೆ ಬಂದು ಪಶ್ಚಾತ್ತಾಪ ಪಡಬಹುದು, ಬಿಟ್ಟ ಗುಂಡು ತಿರುಗಿ ಬರುವುದಿಲ್ಲ. ಕೈಯಲ್ಲಿ ಹೆಚ್ಚು ಬಲ ಇದ್ದವನ ಮೇಲೆ ಹೆಚ್ಚು ಹೊಣೆ.

ಮಕ್ಕಳೆ, ಈ ಶಾಲೆಯಿಂದ ಪೊಲೀಸರಾಗುವವರು ಇನ್ನೂ ಹುಟ್ಟುತ್ತಾರೆ. ತಹಶೀಲ್ದಾರರೂ, ಕೃಷಿ ಅಧಿಕಾರಿಗಳೂ ಆಗುತ್ತೀರಿ. ಮೇಜಿನ ಆ ಬದಿಗೆ ಕುಳಿತ ದಿನ, ಪಾಳಿಯಲ್ಲಿ ನಿಂತವರ ಮುಖ ನೋಡಿ. ಖಾಕಿ ತೊಟ್ಟವರು ಲಾಠಿ ಎತ್ತುವ ಮೊದಲು ಎದುರಿನವನ ಊರು ಯಾವುದೆಂದು ಒಮ್ಮೆ ಕೇಳಿ. ನನ್ನ ಸೇವೆಯಲ್ಲಿ ಆ ಒಂದು ಪ್ರಶ್ನೆಯಿಂದ ತಣ್ಣಗಾದ ಗದ್ದಲಗಳನ್ನು ಕಂಡಿದ್ದೇನೆ. ಊರಿನವರಲ್ಲಿ ನನ್ನ ಬೇಡಿಕೆ ಇಷ್ಟೇ, ನಿಮ್ಮ ಮಗ ಠಾಣೆಗೆ ಸೇರಿದ ಮೇಲೂ ಅವನನ್ನು ನಮ್ಮ ಮಂದಿಯಲ್ಲೇ ಲೆಕ್ಕ ಹಿಡಿಯಿರಿ. ತಪ್ಪು ಮಾಡಿದರೆ ನಮ್ಮವನೆಂದೇ ಬೈಯಿರಿ.

ಆ ದಿನ ಅವ್ವನಿಗೆ ನಾನು ಉತ್ತರ ಕೊಡಲಿಲ್ಲ ಎಂದೆನಲ್ಲ. ಮುಂದಿನ ವಾರ ರಜೆ ಹಾಕಿ ಊರಿಗೆ ಬಂದೆ. ಬಾಗಿಲಲ್ಲಿ ನಿಂತು, "ಅವ್ವಾ, ನಾನು ಯಾರ ಮಂದಿ?" ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ಕೈಕಾಲ ತೊಳಕೊಂಡ ಉಣ್ಣಾಕ ಬಾ" ಅಂದಳು. ಆ ತಾಟಿನ ಮುಂದೆ ಕುಳಿತವನು, ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ಶಾಲೆಗೆ ಐವತ್ತು ತುಂಬಿದೆ. ನೂರು ತುಂಬುವ ದಿನ ಈ ಜಾಗದಲ್ಲಿ ನಿಂತು ಮಾತಾಡುವ ಪೊಲೀಸನಿಗೆ ಇಂಥ ಪ್ರಶ್ನೆ ಎದುರಾಗದಿರಲಿ.