ಐವತ್ತು ರೂಪಾಯಿ ದಂಡ, ಒಂದು ರಾತ್ರಿಯ ಠಾಣೆ



ಅಮೀನಗಡದ ಕುರಿ ಸಂತೆ ನೋಡದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಕುರಿಗಾರರ ಮನೆಯ ಮದುವೆ, ಮಕ್ಕಳ ಫೀಜು, ಬ್ಯಾಂಕಿನ ಕಂತು ಎಲ್ಲವೂ ಅಲ್ಲಿ ಮಾರಿದ ಮರಿಗಳ ಮೇಲೆ ನಿಂತಿರುತ್ತವೆ. ವಕೀಲನಾದ ನಾನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯನ್ನು ಗಮನವಿಟ್ಟು ಓದಿದ್ದು ಅಂಥ ಒಬ್ಬ ಕುರಿಗಾರನ ಸಲುವಾಗಿ.

ಬೇಸಿಗೆಯ ರಾತ್ರಿ. ಒಂದು ಠಾಣೆಯ ಮುಂದೆ ಪೊಲೀಸರು ಹಿಡಿದಿದ್ದ, ಆತನ ಕುರಿ ತುಂಬಿದ ಗಾಡಿ ನಿಂತಿತ್ತು. ಹಲಗೆಯ ಸಂದಿಯಿಂದ ಒಂದು ಮರಿ ಮೂತಿ ಹೊರಚಾಚಿತ್ತು, ತುಟಿಯ ಜೊಲ್ಲು ಒಣಗಿ ಬೆಳ್ಳಗಾಗಿತ್ತು. "ಸಾಹೇಬ್ರ, ಮರಿ ಸಾಯ್ತಾವ್ರಿ, ಒಂದ್ ಕೊಡ ನೀರ ಹಾಕಾಕ ಬಿಡ್ರಿ" ಎಂದು ಆತ ಕೈಮುಗಿಯುತ್ತಿದ್ದ. "ಮುಂಜಾನೆ ನೋಡೋಣ, ಸುಮ್ಮ ಕುಂದ್ರು" ಎಂಬುದು ಉತ್ತರ.

ಆತನ ತಪ್ಪೇ ಇರಲಿಲ್ಲ ಎನ್ನಲಾರೆ. 1978ರ ಸಾಗಣೆ ನಿಯಮದ ಪ್ರಕಾರ ನಾಲ್ಕೂವರೆ, ಐದು ಟನ್ನಿನ ಲಾರಿಗೂ 40 ಕುರಿಗಿಂತ ಹೆಚ್ಚು ಹಾಕುವಂತಿಲ್ಲ. ಇಕ್ಕಟ್ಟಿನಲ್ಲಿ ತುಂಬುವುದು ಹಿಂಸೆಯೇ. ಆದರೆ 1960ರ ಕಾಯ್ದೆಯ 11ನೇ ಕಲಮಿನಲ್ಲಿ ಇದಕ್ಕೆ ಮೊದಲ ಸಲ ಇರುವ ಶಿಕ್ಷೆ 10ರಿಂದ 50 ರೂಪಾಯಿ ದಂಡ. ಮೋಟಾರು ವಾಹನ ಕಾಯ್ದೆಯ ದಂಡ ಬೇರೆ. ಮುಖ್ಯವಾಗಿ ಇದು ಅಸಂಜ್ಞೇಯ ಅಪರಾಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನಂತೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟಿಲ್ಲದೆ ಬಂಧಿಸುವಂತಿಲ್ಲ. ಹೆಸರು, ವಿಳಾಸ ಕೊಡಲು ಒಪ್ಪದಿದ್ದರೆ ಮಾತ್ರ ಅದನ್ನು ಖಚಿತಪಡಿಸಿಕೊಳ್ಳುವ ಮಟ್ಟಿಗೆ ಹಿಡಿದಿಡಬಹುದು. ಆ ರಾತ್ರಿ ಆತನ ಆಧಾರ್ ಕಾರ್ಡು ಅವರ ಮೇಜಿನ ಮೇಲೇ ಇತ್ತು!

ಜಾತ್ರೆಯ ಟಗರಿನ ಕಾಳಗದ ಲೆಕ್ಕ ಬೇರೆ. ಕಾಳಗದ ಕಣ ನಡೆಸುವುದು ಸಂಜ್ಞೇಯ ಅಪರಾಧ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದು.

ಪ್ರಾಣಿಯನ್ನು ವಶಪಡಿಸಿಕೊಳ್ಳುವ ಅಧಿಕಾರ 1960ರ ಕಾಯ್ದೆಯ 34ನೇ ಕಲಮಿನಲ್ಲಿದೆ. ಪೊಲೀಸರ ಪೈಕಿ ಅದು ಕಾನ್ಸ್‌ಟೇಬಲ್‌ಗಿಂತ ಮೇಲಿನ ದರ್ಜೆಯವರಿಗೆ ಮಾತ್ರ. ಅದೂ ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯರ ಮುಂದೆ ಪರೀಕ್ಷೆಗೆ ಒಯ್ಯಲಿಕ್ಕೆ. ರಾತ್ರಿಯಿಡೀ ಗಾಡಿಯಲ್ಲೇ ನಿಲ್ಲಿಸಲಿಕ್ಕಲ್ಲ. ಕುರಿ ಕೈಬಿಟ್ಟೇ ಹೋಯಿತೆಂದು ಹೆದರಿ ಎಷ್ಟೋ ಜನ ಅಲ್ಲೇ ಏನೋ ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಆದರೆ ಅದೇ ಕಾಯ್ದೆಯ 29ನೇ ಕಲಮಿನಂತೆ ಒಡೆತನ ಕಳೆಯುವುದು ಶಿಕ್ಷೆಯಾದ ಮೇಲೆ, ನ್ಯಾಯಾಲಯದ ಆದೇಶದಿಂದಲೇ. ಪ್ರಕರಣ ನಡೆಯುತ್ತಿರುವಾಗಲೇ ದನಕರು ಕೈತಪ್ಪಿಸುವ 2017ರ ನಿಯಮಗಳು ಕಾಯ್ದೆಗೆ ವಿರುದ್ಧವಾಗಿವೆ, ಬದಲಿಸದಿದ್ದರೆ ತಡೆಯುತ್ತೇವೆ ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಹೇಳಿತು. ಕುರಿ ಮರಳಿ ಪಡೆಯಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.

ದೂರು ಕೊಡುವವರಿಗೂ ಠಾಣೆಯಲ್ಲಿ ಅನ್ಯಾಯವಾಗುತ್ತದೆ. ಹುಣ್ಣಾದ ಹೆಗಲಿಗೆ ನೊಗ ಹೂಡಿದ್ದನ್ನು ಹೇಳಹೋದವರನ್ನು "ಇದೇನು ಕೇಸಾ?" ಎಂದು ಕಳಿಸುತ್ತಾರೆ. ಹಾಗೆ ಕಳಿಸಕೂಡದು. ಮಾಹಿತಿಯನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಕಡೆ ಕಳಿಸುವುದು 174ನೇ ಕಲಮಿನ ಕಟ್ಟಳೆ. ನೇರವಾಗಿ ಖಾಸಗಿ ದೂರನ್ನೂ ಕೊಡಬಹುದು, ಆದರೆ ಮೂರು ತಿಂಗಳೊಳಗೆ.

ಅಕ್ರಮವಾಗಿ ಕೂಡಿಹಾಕಿದರೆ ಎಸ್ಪಿಯವರಿಗೆ ಬರೆಯಿರಿ. ಒಂದು ವರ್ಷದೊಳಗೆ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಬಹುದು. ಪರಿಹಾರ ಕೇಳುವ ಬಾಗಿಲನ್ನು ಸುಪ್ರೀಂ ಕೋರ್ಟಿನ 1983ರ ರುದುಲ್ ಶಾ ತೀರ್ಪು ತೆರೆದಿದೆ. ಅದಕ್ಕೆ ನಮಗೆ ಹೈಕೋರ್ಟಿನ ಧಾರವಾಡ ಪೀಠವಿದೆ. ವಶದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪುಕ್ಕಟೆ.

ಆ ರಾತ್ರಿ ನಾನು ಅಧಿಕಾರಿಗೆ ತೋರಿಸಿದ್ದು ಇವು ಯಾವುದನ್ನೂ ಅಲ್ಲ, 1960ರ ಕಾಯ್ದೆಯ 3ನೇ ಕಲಮನ್ನು. ಪ್ರಾಣಿ ಯಾರ ಸುಪರ್ದಿನಲ್ಲಿದೆಯೋ ಅದರ ಯೋಗಕ್ಷೇಮ ಅವರ ಹೊಣೆ. ಹಿಡಿದ ಗಳಿಗೆಯಿಂದ ಆ ಕುರಿಗಳ ನೀರು, ನೆರಳು ಠಾಣೆಯ ಹೊಣೆ. ಅವರು ಎರಡು ಸಲ ಓದಿದರು. ಆಮೇಲೆ ಹಿಂಬದಿಯ ನಲ್ಲಿ ತೋರಿಸಿದರು. ಹಲಗೆ ತೆರೆದದ್ದೇ ಮರಿಗಳು ಒಂದರ ಮೇಲೊಂದು ಬಿದ್ದು ಬಕೀಟಿಗೆ ಬಾಯಿ ಹಾಕಿದವು. ಮೂತಿ ಚಾಚಿದ್ದ ಮರಿ ಮಾತ್ರ ಮೇಲೇಳಲಿಲ್ಲ.