ಉಳಿಯೋ, ಯಂತ್ರವೋ?

ಇಂಗ್ಲೆಂಡಿನಲ್ಲಿ ೧೭ನೆಯ ಶತಮಾನದಲ್ಲಿ ರಚಿತವಾದ ಮರದ ಮಾದರಿ ಹಡಗುಗಳಲ್ಲಿ ಹಲವು ಇಂದು ಗ್ರೀನಿಚ್ಚಿನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿವೆ. ಹಡಗಿನ ೧ ಅಡಿಗೆ ಮಾದರಿಯಲ್ಲಿ ಕಾಲಂಗುಲವೆಂಬುದು ಅವುಗಳಲ್ಲಿ ಅನೇಕಕ್ಕೆ ಅಳತೆ. ಕೆಳಮೈಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ತೆರೆದಿಡುವುದು ಅವುಗಳ ಪದ್ಧತಿ; ಜೋಡಣೆಯ ಲೋಪವನ್ನು ಮರೆಮಾಡುವಂತಿಲ್ಲ. ಮಾದರಿಯಲ್ಲಿ ಅಂಗುಲದ ೬೪ನೆಯ ಒಂದು ಪಾಲು ತಪ್ಪಿದರೆ ಹಡಗಿನಲ್ಲಿ ಮುಕ್ಕಾಲಂಗುಲ ತಪ್ಪಿದಂತೆ.

ಇಂಥ ಮಾದರಿಗಳನ್ನು ಈಗ ಕಟ್ಟುವವರಲ್ಲಿ ಕೆಲವರು ಪುಟ್ಟ ಮಿಲ್ಲಿಂಗ್ ಯಂತ್ರವನ್ನು ಆಶ್ರಯಿಸುತ್ತಾರೆ. ತಿರುಗುವ ಅಲಗಿನ ಕೆಳಗೆ ಮರವನ್ನು ತಿರುಪಿನಿಂದ ಸರಿಸಿದರೆ, ೨೦ ತೊಲೆಗಳ ಕಚ್ಚುಗಳಿಗೂ ಒಂದೇ ಆಳ, ಒಂದೇ ಅಗಲ. ಈ ಉಪಕಾರವನ್ನು ನಾವು ಅಲ್ಲಗಳೆಯಲಾರೆವು.

ಆದರೆ ತಿರುಗುವ ಅಲಗು ತೋಡಿದ ಗುಳಿಯ ಒಳಮೂಲೆ ದುಂಡಗೆ ಉಳಿಯುತ್ತದೆ. ಅದನ್ನು ಚೌಕಗೊಳಿಸಲು ಉಳಿಯೇ ಬೇಕು. ಅಲ್ಲದೆ ಹಡಗಿನ ಮೈ ಮುಂದಕ್ಕೂ ಹಿಂದಕ್ಕೂ ಕಿರಿದಾಗುತ್ತ ಹೋಗುವುದರಿಂದ, ತೊಲೆಯು ಪಕ್ಕೆಯನ್ನು ಸೇರುವ ಕೋನ ಎಡೆಯಿಂದೆಡೆಗೆ ಬದಲಾಗುತ್ತದೆ. ಒಂದೊಂದು ಕೋನಕ್ಕೂ ಯಂತ್ರವನ್ನು ಹೊಸದಾಗಿ ಹೊಂದಿಸುವಷ್ಟರಲ್ಲಿ ನುರಿತ ಕೈ ಆ ಕಚ್ಚನ್ನು ಕಡಿದು ಮುಗಿಸಿರುತ್ತದೆ.

ಹಾಗಾದರೆ ಮೇಲಾದುದು ಯಾವುದು? ಒಂದೇ ಬಗೆಯ ಕಚ್ಚು ಹಲವು ಬೇಕಾದೆಡೆ ಯಂತ್ರ, ಪ್ರತಿಯೊಂದೂ ಬೇರೆಯಾದೆಡೆ ಕೈ ಎಂದು ನಾವು ಹೇಳುವೆವು. ಆದರೆ ಕಲಿಕೆಯಲ್ಲಿ ಉಳಿಗೇ ಮೊದಲ ಸ್ಥಾನ. ನಾರು ಯಾವ ಕಡೆಗೆ ಓಡುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಕೈಗೆ ಕಲಿಸುವುದು ಉಳಿ. ಆ ಅರಿವಿಲ್ಲದವನು ಯಂತ್ರದ ಮುಂದೆ ನಿಂತರೆ ಒಂದೇ ತಪ್ಪನ್ನು ೨೦ ಸಲ ಕರಾರುವಾಕ್ಕಾಗಿ ಮಾಡಿಯಾನು. ಅರಿತವನಿಗಾದರೋ ಯಂತ್ರ ವಿಧೇಯನಾದ ಆಳು. ನಮ್ಮ ತರುಣರು ಕೈಗೆಲಸವನ್ನು ಕೀಳೆಂದೆಣಿಸಿ ಯಂತ್ರಕ್ಕೆ ಹಾರದಿರಲಿ ಎಂಬುದೇ ನಮ್ಮ ಬಿನ್ನಹ.